ಎರಡೇ ಮುಷ್ಟಿ, ಇಷ್ಟೊಂದು ಹುಚ್ಚು ಯಾಕೆ?

ಓದುಗರು ಕೇಳಿದ್ದು, ನಾವು ಹೇಳಿದ್ದು. ಈ ಸಲ ಬಂದ ಪತ್ರಗಳಲ್ಲಿ ಬಾಕ್ಸಿಂಗ್‌ದೇ ಜಾಸ್ತಿ. ಮೊದಲನೇ ಪತ್ರಕ್ಕೆ ಜಾಗ ಜಾಸ್ತಿ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ಜಾತ್ರೆ ಕುಸ್ತಿ ನೋಡಿಕೊಂಡೇ ಬೆಳೆದವನು. ಈಗ ಮೊಬೈಲ್‌ನಲ್ಲಿ ಕರಾಟೆ, ಜೂಡೋ, ಕಿಕ್‌ಬಾಕ್ಸಿಂಗ್, ಒದೆ, ಗುದ್ದು, ಹಿಡಿತ ಎಲ್ಲ ನಡೆಯೋ ಯುಎಫ್‌ಸಿ ಪಂಜರದ ಹೊಡೆದಾಟ ಎಲ್ಲ ಬರುತ್ತೆ. ಆದರೂ ನಮ್ಮ ರೂಮಿನ ಹುಡುಗರು ತಿರುಗಿ ತಿರುಗಿ ಬಾಕ್ಸಿಂಗ್‌ಗೇ ಬಂದು ನಿಲ್ಲುತ್ತಾರೆ. ಕಾಲು ಎತ್ತೋ ಹಾಗಿಲ್ಲ, ಹಿಡಿದು ಕೆಡವೋ ಹಾಗಿಲ್ಲ, ಸೊಂಟದ ಕೆಳಗೆ ಹೊಡೆಯೋ ಹಾಗಿಲ್ಲ. ಅರ್ಧ ಹೊಡೆದಾಟ ಅಲ್ವಾ ಇದು? ಅಂಥದ್ದೇನಿದೆ ಇದರಲ್ಲಿ?
– ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಅರ್ಧ ಹೊಡೆದಾಟ ಅಂದಿರಿ, ಸರಿಯಾಗೇ ಅಂದಿರಿ. ನನ್ನ ಪ್ರಕಾರ ಜನ ಮರುಳಾಗೋದೇ ಆ ಅರ್ಧಕ್ಕೆ.

ಮೊದಲು ಕಣ್ಣಿಗೆ ಕಾಣುವ ವಿಷಯ. ಜಾತ್ರೆಯಲ್ಲಿ ಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಜೋಡಿ ಇಳಿಯುವ ಹೊತ್ತಿಗೆ ಸಂಜೆ ಆಗಿರುತ್ತದೆ. ಹಲಗೆ ಬಡಿತ ಏರಿರುತ್ತದೆ, ಕಣದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಇಬ್ಬರು ಪೈಲ್ವಾನರು ನೆಲಕ್ಕೆ ಬಿದ್ದು ಹಿಡಿತ ಹಾಕಿಕೊಂಡರೆ ಹಿಂದೆ ನಿಂತವನಿಗೆ ಏನು ಕಾಣುತ್ತದೆ ಹೇಳಿ? ಮಣ್ಣು ಮೆತ್ತಿದ ಎರಡು ಬೆನ್ನು, ಅಷ್ಟೇ. ಕೆಳಗಿನವನ ಕೈ ಎಲ್ಲಿ ಸಿಕ್ಕಿಕೊಂಡಿದೆ, ಯಾರ ದಮ್ಮು ಮುಗಿಯುತ್ತಾ ಬಂತು ಅನ್ನುವುದು ಮುಂದೆ ಕೂತ ಹಳೇ ಪೈಲ್ವಾನರಿಗೆ ಮಾತ್ರ ಗೊತ್ತು. ಅವರು ಕೂಗಿದಾಗ ನಾವೂ ಕೂಗುತ್ತೇವೆ. ಯುಎಫ್‌ಸಿಯಲ್ಲೂ ಹೀಗೇ. ಇಬ್ಬರೂ ನಿಂತಿರುವ ತನಕ ಎಲ್ಲರಿಗೂ ಅರ್ಥವಾಗುತ್ತದೆ. ಕೆಳಗೆ ಬಿದ್ದ ಮೇಲೆ ಯಾರು ಯಾರನ್ನು ಹಿಡಿದಿದ್ದಾರೆ ಅಂತ ತಿಳಿಯಬೇಕಾದರೆ ನೆಲದ ಮೇಲೆ ಹಿಡಿತ ಹಾಕುವ ಜಿಯು ಜಿತ್ಸು ವಿದ್ಯೆ ಗೊತ್ತಿರಬೇಕು. ಜೂಡೋದಲ್ಲಿ ರೆಫರಿ ಕೈ ಎತ್ತಿದ ಮೇಲೆ, ರೀಪ್ಲೇ ನೋಡಿದ ಮೇಲೆ ‘ಓ, ಹಾಗಾ’ ಅನ್ನಬೇಕು.

ಬಾಕ್ಸಿಂಗ್‌ನಲ್ಲಿ ಈ ತೊಂದರೆ ಇಲ್ಲ. ಇಬ್ಬರೂ ನಿಂತೇ ಇರುತ್ತಾರೆ. ನಾಲ್ಕು ಗ್ಲೌಸು ಯಾವಾಗಲೂ ಕಣ್ಣೆದುರು. ಹೊಡೆತ ಬಿತ್ತಾ, ತಪ್ಪಿಸಿಕೊಂಡನಾ, ಕಾಲು ನಡುಗಿತಾ, ಎಲ್ಲ ಕಾಣುತ್ತದೆ. ಚಹಾ ಅಂಗಡಿಯ ಟಿವಿ ಮುಂದೆ ಮೊದಲ ಸಲ ನಿಂತವನೂ ಎರಡು ನಿಮಿಷದಲ್ಲಿ ಒಬ್ಬನ ಕಡೆ ಆಗಿಬಿಡುತ್ತಾನೆ.

ಆದರೆ ಸುಲಭವಾಗಿ ಅರ್ಥವಾಗುತ್ತದೆ ಅನ್ನುವುದಷ್ಟೇ ಆಗಿದ್ದರೆ ಜನ ಎರಡು ವಾರ ನೋಡಿ ಬಿಟ್ಟುಬಿಡುತ್ತಿದ್ದರು. ಎರಡು ಕೈ ಬಿಟ್ಟು ಬೇರೇನೂ ಬಳಸುವ ಹಾಗಿಲ್ಲ ಅಂದಾಗ ಆ ಎರಡು ಕೈಯಿಂದಲೇ ಎಲ್ಲ ಕೆಲಸ ತೆಗೆಯಬೇಕು. ಜ್ಯಾಬ್ ಒಂದನ್ನೇ ತೆಗೆದುಕೊಳ್ಳಿ. ಮುಂದಿನ ಕೈ ಸುಮ್ನೆ ನೇರ ಚಾಚುವುದು, ನೋಡಲು ಏನೂ ಅಲ್ಲ. ಅದರಲ್ಲೇ ಎದುರಾಳಿ ಎಷ್ಟು ದೂರ ಇದ್ದಾನೆ ಅಂತ ಅಳೆಯುತ್ತಾರೆ, ಅವನ ಕಣ್ಣಿಗೆ ಅಡ್ಡ ಹಿಡಿಯುತ್ತಾರೆ, ಅವನ ಹೆಜ್ಜೆ ಕೆಡಿಸುತ್ತಾರೆ, ಬಲಗೈ ಹೊಡೆತಕ್ಕೆ ದಾರಿ ಮಾಡಿಕೊಳ್ಳುತ್ತಾರೆ, ಒಮ್ಮೊಮ್ಮೆ ಹೊಡೆಯುವ ಹಾಗೆ ಮಾಡಿ ಹೊಡೆಯದೇ ಬಿಡುತ್ತಾರೆ. ಇದನ್ನು ಗುರುತಿಸಲು ಶುರು ಮಾಡಿದವರು ಆಮೇಲೆ ನಾಕೌಟ್‌ಗೆ ಕಾಯುವುದಿಲ್ಲ. ಜ್ಯಾಬ್ ಎಣಿಸುತ್ತಾ ಕೂರುತ್ತಾರೆ.

ಕಾಲು ಬಳಸುವ ಹಾಗಿಲ್ಲ ಅನ್ನುವ ನಿಯಮದಿಂದ ಏನು ಹುಟ್ಟುತ್ತದೆ ಅನ್ನುವುದಕ್ಕೆ 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ನಡೆದ ಪಂದ್ಯ ನೋಡಿ. ಆಗಿನ ವಿಶ್ವ ಚಾಂಪಿಯನ್ ಜಾರ್ಜ್ ಫೋರ್ಮನ್‌ಗೆ 25 ವರ್ಷ, ಒಂದೂ ಸೋಲಿಲ್ಲ. ಜೋ ಫ್ರೇಜಿಯರ್ ಮತ್ತು ಕೆನ್ ನಾರ್ಟನ್ ಇಬ್ಬರನ್ನೂ ಎರಡೆರಡು ರೌಂಡ್‌ನಲ್ಲಿ ಮುಗಿಸಿದ್ದ. ಅವರಿಬ್ಬರೂ ಮುಹಮ್ಮದ್ ಅಲಿಯನ್ನು ಸೋಲಿಸಿದ್ದವರು. ಅಲಿಗೆ ಆಗ 32. ಅವನು ಓಡಾಡಿ ತಪ್ಪಿಸಿಕೊಳ್ಳುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನು ಹೋಗಿ ಹಗ್ಗಕ್ಕೆ ಒರಗಿ ನಿಂತ. ಎರಡು ಕೈ ಮುಖಕ್ಕೆ ಅಡ್ಡ ಹಿಡಿದು ‘ಹೊಡಿ, ಇಷ್ಟೇನಾ ನಿನ್ನ ಜೋರು’ ಅಂತ ಕೆಣಕುತ್ತಾ ಹೊಡೆಸಿಕೊಂಡ. ಫೋರ್ಮನ್ ಹೊಡೆದ, ಹೊಡೆದ, ದಣಿದ. 8ನೇ ರೌಂಡ್‌ನಲ್ಲಿ ಅಲಿ ಹಗ್ಗದಿಂದ ಹೊರಗೆ ಬಂದು ಅವನನ್ನು ಮಲಗಿಸಿದ. ಈಗ ಇದೇ ಉಪಾಯವನ್ನು ಯುಎಫ್‌ಸಿ ಪಂಜರದಲ್ಲಿ ಯೋಚಿಸಿ ನೋಡಿ. ತಂತಿಗೆ ಒರಗಿ ನಿಂತವನ ತೊಡೆಗೆ ನಾಲ್ಕು ಒದೆ, ಇಲ್ಲ ಕಾಲಿಗೆ ಕೈ ಹಾಕಿ ಎತ್ತಿ ಕೆಡವುವುದು. ಕಥೆ ಅಲ್ಲೇ ಮುಗಿಯಿತು. ನಿಯಮ ಅವಕಾಶ ಕಡಿಮೆ ಕೊಟ್ಟಲ್ಲೇ ತಲೆ ಓಡಿಸಲು ಜಾಗ ಜಾಸ್ತಿ.

ಇನ್ನೊಂದು, ಹೊಸಬರು ನೋಡದೇ ಬಿಡುವುದು: ರೌಂಡ್‌ಗಳ ನಡುವಿನ ಒಂದು ನಿಮಿಷ. ಜಾಹೀರಾತು ಬರುತ್ತದೆ ಅಂತ ಎದ್ದು ಹೋಗಬೇಡಿ. ಗಂಟೆ ಬಾರಿಸಿದ ತಕ್ಷಣ ಮೂಲೆಗೆ ಒಂದು ಸ್ಟೂಲ್ ಬರುತ್ತದೆ. ಒಬ್ಬ ಬಾಯಿಂದ ಮೌತ್‌ಗಾರ್ಡ್ ತೆಗೆದು ತೊಳೆಯುತ್ತಾನೆ. ಇನ್ನೊಬ್ಬ ಊದಿದ ಕಣ್ಣಿನ ಕೆಳಗೆ ಮಂಜಿನಲ್ಲಿಟ್ಟ ಚಪ್ಪಟೆ ಕಬ್ಬಿಣ ಒತ್ತುತ್ತಾನೆ, ಹುಬ್ಬಿನ ಮೇಲೆ ವ್ಯಾಸಲಿನ್ ಬಳಿಯುತ್ತಾನೆ, ಗ್ಲೌಸು ಜಾರಲಿ, ಚರ್ಮ ಹರಿಯದಿರಲಿ ಅಂತ. ಎದುರಿಗೆ ಮಂಡಿಯೂರಿ ಕೂತ ಕೋಚ್ ಬೈಯುತ್ತಾನೆ, ಬೇಡಿಕೊಳ್ಳುತ್ತಾನೆ, ಕೆನ್ನೆ ತಟ್ಟುತ್ತಾನೆ. ಅಷ್ಟು ಹೊತ್ತು ಕಲ್ಲಿನ ಹಾಗೆ ಕಂಡ ಮನುಷ್ಯ ಆ ಸ್ಟೂಲ್ ಮೇಲೆ ಸುಸ್ತಾಗಿ, ಹೆದರಿ ಕೂತಿರುವುದು ಕಾಣುತ್ತದೆ. ಆಮೇಲೆ ಮತ್ತೆ ಗಂಟೆ, ಮತ್ತೆ ಎದ್ದು ಹೋಗಬೇಕು.

1975ರಲ್ಲಿ ಮನಿಲಾದಲ್ಲಿ ಅಲಿ ಮತ್ತು ಫ್ರೇಜಿಯರ್ ಮೂರನೇ ಸಲ ಎದುರಾದರು. ಬೆಳಗಿನ ಪಂದ್ಯ, ಒಳಗೆ ಕುದಿಯುವ ಸೆಖೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಇಲ್ಲದ ಕೋಣೆಯಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ. 14 ರೌಂಡ್ ಆಯಿತು, ಇನ್ನು ಒಂದೇ ಬಾಕಿ. ಫ್ರೇಜಿಯರ್‌ನ ಕಣ್ಣು ಊದಿ ಮುಚ್ಚಿಹೋಗಿವೆ, ಬರುವ ಹೊಡೆತ ಕಾಣುತ್ತಿಲ್ಲ. ಆದರೂ ‘ನಾನು ಹೋಗ್ತೀನಿ’ ಅಂದ. ಅವನ ಕೋಚ್ ಎಡ್ಡಿ ಫಚ್ ಬಿಡಲಿಲ್ಲ. ಕೂತ್ಕೋ ಮಗನೇ, ಮುಗೀತು, ಇವತ್ತು ನೀನು ಮಾಡಿದ್ದನ್ನ ಯಾರೂ ಮರೆಯಲ್ಲ ಅಂತ ಹೇಳಿ ಪಂದ್ಯ ನಿಲ್ಲಿಸಿದ. ಗೆದ್ದದ್ದು ಅಲಿ. ಆದರೆ ಆ ಪಂದ್ಯದ ಮಾತು ಬಂದಾಗ ಅಭಿಮಾನಿಗಳು ಫಚ್‌ನ ಹೆಸರು ಹೇಳದೇ ಇರುವುದಿಲ್ಲ. ಹೊಡೆದವನೂ ಅಲ್ಲ, ಹೊಡೆಸಿಕೊಂಡವನೂ ಅಲ್ಲ, ನಿಲ್ಲಿಸಿದವನು!

ಕೊನೆಗೆ ಹತ್ತು ಎಣಿಸುವುದು. ನನ್ನನ್ನು ಕೇಳಿದರೆ ಬಾಕ್ಸಿಂಗ್‌ನ ಜೀವ ಇಲ್ಲಿದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೋ, ಚಿತ್ ಆದ, ಮುಗಿಯಿತು. ಯುಎಫ್‌ಸಿಯಲ್ಲಿ ಬಿದ್ದವನ ಮೇಲೆ ಹೋಗಿ ಹೊಡೆಯುತ್ತಾರೆ, ರೆಫರಿ ಎಳೆಯುವ ತನಕ. ಬಾಕ್ಸಿಂಗ್‌ನಲ್ಲಿ ಬೀಳಿಸಿದವನೇ ದೂರದ ಮೂಲೆಗೆ ಹೋಗಿ ನಿಲ್ಲಬೇಕು. ಬಿದ್ದವನಿಗೆ ಹತ್ತು ಸೆಕೆಂಡ್ ಅವನದೇ. ಯಾರೂ ಮುಟ್ಟುವ ಹಾಗಿಲ್ಲ. ಏಳುತ್ತಾನಾ ಇಲ್ಲವಾ ಅಂತ ಇಡೀ ಜಗತ್ತು ಅವನನ್ನೇ ನೋಡುತ್ತಿರುತ್ತದೆ.

1927ರಲ್ಲಿ ಶಿಕಾಗೋದಲ್ಲಿ ಜ್ಯಾಕ್ ಡೆಂಪ್ಸಿ ಹೊಡೆದ ಏಟಿಗೆ ಜೀನ್ ಟನಿ ಬಿದ್ದ. ಡೆಂಪ್ಸಿ ಹಳೇ ಅಭ್ಯಾಸದಂತೆ ಅಲ್ಲೇ ನಿಂತ, ಮೂಲೆಗೆ ಹೋಗಲಿಲ್ಲ. ಅವನು ಹೋಗುವ ತನಕ ರೆಫರಿ ಎಣಿಕೆ ಶುರು ಮಾಡಲಿಲ್ಲ. ಟನಿಗೆ ಸುಮಾರು 14 ಸೆಕೆಂಡ್ ಸಿಕ್ಕಿತು. ಎದ್ದ, ಕೊನೆಗೆ ಗೆದ್ದ. ಇವತ್ತಿಗೂ ಜಗಳ ಮುಗಿದಿಲ್ಲ. 1990ರಲ್ಲಿ ಟೋಕಿಯೋದಲ್ಲಿ ಮೈಕ್ ಟೈಸನ್ ಎದುರು ಬಸ್ಟರ್ ಡಗ್ಲಸ್ ಗೆಲ್ಲುತ್ತಾನೆ ಅಂತ ಬಾಜಿ ಕಟ್ಟಿದರೆ ಒಂದಕ್ಕೆ 42 ಸಿಗುತ್ತಿತ್ತು. ಅಂದರೆ ಯಾರೂ ನಂಬಿರಲಿಲ್ಲ. ಕೆಲವೇ ವಾರಗಳ ಹಿಂದೆ ಡಗ್ಲಸ್‌ನ ತಾಯಿ ತೀರಿಕೊಂಡಿದ್ದಳು. 8ನೇ ರೌಂಡ್‌ನಲ್ಲಿ ಟೈಸನ್ ಅವನನ್ನು ಬೀಳಿಸಿದ, ಒಂಬತ್ತಕ್ಕೆ ಎದ್ದ. 10ನೇ ರೌಂಡ್‌ನಲ್ಲಿ ಟೈಸನ್‌ನೇ ಬಿದ್ದ, ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೊದಲ ಸಲ. ವಿಡಿಯೋ ಸಿಕ್ಕರೆ ಆ ಹತ್ತು ಸೆಕೆಂಡ್ ನೋಡಿ. ಎಲ್ಲರನ್ನೂ ನಡುಗಿಸಿದ ಟೈಸನ್ ನಾಲ್ಕು ಕಾಲಿನ ಮೇಲೆ ತಡಕಾಡುತ್ತಾ, ಬಿದ್ದುಹೋದ ಮೌತ್‌ಗಾರ್ಡ್ ಹುಡುಕಿ, ಅದನ್ನು ಅಡ್ಡಾದಿಡ್ಡಿ ಬಾಯಿಗೆ ಸಿಕ್ಕಿಸಿಕೊಂಡು ಏಳಲು ನೋಡುತ್ತಾನೆ. ಟೈಸನ್ ಅಂದರೆ ಆಗದವರಿಗೂ ಅಲ್ಲಿ ಕರುಳು ಚುರ್ ಅನ್ನುತ್ತದೆ.

ನಿಮ್ಮ ರೂಮಿನ ಹುಡುಗರಿಗೆ 2018ರ ಟೈಸನ್ ಫ್ಯೂರಿ, ಡಿಯಾಂಟೆ ವೈಲ್ಡರ್ ಪಂದ್ಯದ 12ನೇ ರೌಂಡ್ ತೋರಿಸಿ. ಫ್ಯೂರಿ ಅಂಗಾತ ಬಿದ್ದಿದ್ದ, ಮೈಯಲ್ಲಿ ಅಲುಗಾಟವೇ ಇರಲಿಲ್ಲ. ಎಣಿಕೆ ಅರ್ಧ ದಾಟಿದ ಮೇಲೆ ನಿದ್ದೆಯಿಂದ ಎದ್ದವನ ಹಾಗೆ ಎದ್ದ. ಪಂದ್ಯ ಡ್ರಾ ಆಯಿತು. ಇದನ್ನು ನೋಡಿದವರು ಬೇರೆ ಆಟಕ್ಕೆ ಹೋದರೂ ವಾಪಸ್ ಬರುತ್ತಾರೆ.

ಪ್ರಶ್ನೆ: ಒಲಿಂಪಿಕ್‌ನಲ್ಲಿ ನಮಗೆ ಬಾಕ್ಸಿಂಗ್‌ಗಿಂತ ಪದಕ ಜಾಸ್ತಿ ತಂದದ್ದು ಕುಸ್ತಿ. ಊರೂರಲ್ಲಿ ತಾಲೀಮು ಇರೋದೂ ಕುಸ್ತಿಗೇ. ಬಾಕ್ಸಿಂಗೇ ಜನರಿಗೆ ಹೆಚ್ಚು ಪ್ರೀತಿ ಅನ್ನೋದು ಟಿವಿಯವರ ಮಾತು ಅಲ್ಲೇನ್ರಿ?
– ಓದುಗರು, ಹುಮನಾಬಾದ, ಬೀದರ ಜಿಲ್ಲೆ

ಉತ್ತರ: ಅರ್ಧ ಒಪ್ಪಿದೆ. ಲೆಕ್ಕ ನಿಮ್ಮ ಕಡೆಗೇ ಇದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕೆ.ಡಿ. ಜಾಧವ್ ಅವರಿಂದ ಹಿಡಿದು 2024ರಲ್ಲಿ ಪ್ಯಾರಿಸ್‌ನ ಅಮನ್ ಸೆಹ್ರಾವತ್ ತನಕ ಕುಸ್ತಿಯಲ್ಲಿ 8 ಪದಕ. ಬಾಕ್ಸಿಂಗ್‌ನಲ್ಲಿ 3: 2008ರಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಮೇರಿ ಕೋಮ್, ಟೋಕಿಯೋದಲ್ಲಿ ಲವ್ಲಿನಾ ಬೊರ್ಗೊಹೈನ್. ಮೂರೂ ಕಂಚು. ಜಾತ್ರೆಯಲ್ಲಿ ರಿಂಗ್ ಕಟ್ಟಿ ಬಾಕ್ಸಿಂಗ್ ಆಡಿಸಿದರೆ ಕುಸ್ತಿಗೆ ಬರುವಷ್ಟು ಜನ ಬರುತ್ತಾರಾ? ಇಲ್ಲ. ಕುಸ್ತಿಗೆ ಬರುವವರು ಆಡುವವನನ್ನು ಬಲ್ಲವರು. ಯಾವ ಊರಿನವನು, ಯಾರ ಮಗ, ಯಾವ ಉಸ್ತಾದರ ಕೈಯಲ್ಲಿ ಪಳಗಿದವನು ಎಲ್ಲ ಗೊತ್ತಿರುತ್ತದೆ. ಆ ಸಂಬಂಧ ದೂರದ ಬಾಕ್ಸರ್ ಜೊತೆ ಬರುವುದು ಕಷ್ಟ.

ಆದರೆ ಪರಿಚಯವೇ ಇಲ್ಲದ ಇಬ್ಬರು ಹೊಡೆದಾಡುವುದನ್ನು ಹೊರಗಿನವನೊಬ್ಬ ಕೂತು ನೋಡಬೇಕು ಅಂದಾಗ ಬಾಕ್ಸಿಂಗ್ ಮುಂದೆ ಬರುತ್ತದೆ. ಅದು ಮೊದಲು ಪೇಪರ್, ಆಮೇಲೆ ರೇಡಿಯೋ, ಆಮೇಲೆ ಟಿವಿ ಹಿಡಿದು ಮನೆ ಮನೆಗೆ ಬಂದ ಆಟ. 1938ರಲ್ಲಿ ನ್ಯೂಯಾರ್ಕ್‌ನಲ್ಲಿ ಜೋ ಲೂಯಿಸ್, ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಎದುರಾದಾಗ ಯುದ್ಧದ ಮೋಡ ಕವಿದಿತ್ತು. ಜನ ರೇಡಿಯೋ ಮುಂದೆ ಕಿವಿಯಿಟ್ಟು ಕೂತಿದ್ದರು. 124 ಸೆಕೆಂಡ್‌ನಲ್ಲಿ ಮುಗಿಯಿತು. ಲೂಯಿಸ್ ಗೆದ್ದದ್ದನ್ನು ಅಮೆರಿಕದ ಕಪ್ಪು ಜನ ತಮ್ಮದೇ ಗೆಲುವು ಅಂತ ಬೀದಿಗೆ ಬಂದು ಕುಣಿದರು. ಅಲಿಯದೂ ಹಾಗೇ. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದದ್ದಕ್ಕೆ 1967ರಲ್ಲಿ ಪಟ್ಟ ಕಿತ್ತುಕೊಂಡರು, ಮೂರು ವರ್ಷಕ್ಕೂ ಜಾಸ್ತಿ ರಿಂಗ್‌ಗೆ ಬಿಡಲಿಲ್ಲ. ಅಷ್ಟಾದ ಮೇಲೆ ವಾಪಸ್ ಬಂದವನು ಬರೀ ಆಟಗಾರನಾಗಿ ಉಳಿಯುತ್ತಾನಾ? ಕಲಬುರಗಿಯಲ್ಲೂ ಹಳೇ ಅಂಗಡಿಗಳಲ್ಲಿ ಅಲಿಯ ಫೋಟೋ ಕಂಡರೆ ಆಶ್ಚರ್ಯ ಏನಿಲ್ಲ.

ಅಂದ ಹಾಗೆ ನಿಮ್ಮ ಬೀದರಿನಿಂದ ನಿಜಾಮಾಬಾದ್ ದೂರವೇನಲ್ಲ. ಅಲ್ಲಿನ ಹುಡುಗಿ ನಿಖತ್ ಜರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದಳು. ಪ್ಯಾರಿಸ್‌ನಲ್ಲಿ ಬೇಗ ಸೋತಳು, ನಿಜ. ಸೋಲಿಸಿದ ಚೀನಾದ ವು ಯು ಅವಳೇ ಆಮೇಲೆ ಚಿನ್ನ ಗೆದ್ದಳು. ಎದುರಾಳಿ ಯಾರು ಅನ್ನುವ ಚೀಟಿಯೇ ಕೆಟ್ಟದಾಗಿ ಬಿತ್ತು ಅಂತ ನಾನಂತೂ ಹೊಟ್ಟೆ ಉರಿದುಕೊಂಡೆ.

ಪ್ರಶ್ನೆ: ರೌಂಡ್ ಯಾಕೆ ಮೂರೇ ನಿಮಿಷ?
– ಓದುಗರು, ಆಳಂದ

ಉತ್ತರ: 1867ರ ಕ್ವೀನ್ಸ್‌ಬೆರಿ ನಿಯಮ. ಮೂರು ನಿಮಿಷ ಆಟ, ಒಂದು ನಿಮಿಷ ವಿಶ್ರಾಂತಿ, ಕೈಗೆ ಗ್ಲೌಸು, ಬಿದ್ದರೆ ಹತ್ತು ಸೆಕೆಂಡ್. ಅದಕ್ಕೂ ಮೊದಲಿನ ಬರಿಗೈ ಪಂದ್ಯದಲ್ಲಿ ಒಬ್ಬ ಬಿದ್ದಾಗಲೇ ರೌಂಡ್ ಮುಗಿಯುತ್ತಿದ್ದದ್ದು. 1889ರಲ್ಲಿ ಜಾನ್ ಎಲ್. ಸಲಿವನ್ ಹಳೇ ಪದ್ಧತಿಯಲ್ಲಿ 75 ರೌಂಡ್ ಆಡಿ ಗೆದ್ದ. ಪಂದ್ಯ ಎರಡು ಗಂಟೆ ದಾಟಿತ್ತು. ನೋಡುವವರಿಗೂ ಗಂಟೆ ಬೇಕು ಸ್ವಾಮಿ.

ಪ್ರಶ್ನೆ: ಯುಎಫ್‌ಸಿಯೇ ನಿಜವಾದ ಹೊಡೆದಾಟ. ಬಾಕ್ಸರ್‌ನ ಅಲ್ಲಿಗೆ ಬಿಟ್ಟರೆ ಐದು ನಿಮಿಷ ಉಳಿಯಲ್ಲ. ಹಾಗಿದ್ದ ಮೇಲೆ ಬಾಕ್ಸಿಂಗ್ ದೊಡ್ಡದು ಅನ್ನೋದು ಯಾವ ಲೆಕ್ಕ ಅಣ್ಣಾ?
– ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ತಮ್ಮಾ, ಇದು ಆಗಿಹೋಗಿದೆ. 2010ರಲ್ಲಿ ಬಾಕ್ಸಿಂಗ್‌ನ ದೊಡ್ಡ ಹೆಸರು ಜೇಮ್ಸ್ ಟೋನಿ ಯುಎಫ್‌ಸಿಗೆ ಹೋದ. ರ‍್ಯಾಂಡಿ ಕೂಟೂರ್ ಕಾಲು ಎಳೆದು ಬೀಳಿಸಿ, ಮೊದಲ ರೌಂಡ್‌ನಲ್ಲೇ ಕುತ್ತಿಗೆ ಹಿಡಿದು ಮುಗಿಸಿದ. 2017ರಲ್ಲಿ ಯುಎಫ್‌ಸಿಯ ಕಾನರ್ ಮೆಗ್ರೆಗರ್ ಬಾಕ್ಸಿಂಗ್‌ಗೆ ಬಂದ. ಫ್ಲಾಯ್ಡ್ ಮೇವೆದರ್ ಅವನನ್ನು ಮೊದಲು ದಣಿಸಿ, 10ನೇ ರೌಂಡ್‌ನಲ್ಲಿ ನಿಲ್ಲಿಸಿದ. ಅವರವರ ಮನೆಯಲ್ಲಿ ಅವರವರು ಹುಲಿ. ಬೀದಿ ಜಗಳದಲ್ಲಿ ಯಾರು ಗೆಲ್ಲುತ್ತಾರೆ ಅನ್ನುವ ಲೆಕ್ಕಕ್ಕೆ ಜನ ಆಟ ನೋಡುವುದಿಲ್ಲ. ಹಾಗಿದ್ದರೆ ಎಲ್ಲರೂ ಬಡಿಗೆ ಹಿಡಿದವನ ಅಭಿಮಾನಿಗಳಾಗಿರುತ್ತಿದ್ದರು.

ಆದರೆ ಯುಎಫ್‌ಸಿ ಮುಂದೆ ಬಾಕ್ಸಿಂಗ್ ತಲೆ ತಗ್ಗಿಸಬೇಕಾದ ಕಡೆಯೂ ಇದೆ. ಅಲ್ಲಿ ಒಂದೇ ಕಂಪನಿ. ಇಂತಿಂಥವರು ಆಡಿ ಅಂದರೆ ಆಡಬೇಕು. ಬಾಕ್ಸಿಂಗ್‌ನಲ್ಲಿ ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ಸಂಸ್ಥೆ, ನಾಲ್ಕು ಬೆಲ್ಟ್. ಒಂದೇ ತೂಕದಲ್ಲಿ ನಾಲ್ಕು ಜನ ಚಾಂಪಿಯನ್ ಇರಬಹುದು! ಮೇವೆದರ್ ಮತ್ತು ಮ್ಯಾನಿ ಪ್ಯಾಕಿಯಾವೊ ಪಂದ್ಯದ ಮಾತು 2009ರಲ್ಲಿ ಶುರುವಾಯಿತು. ನಡೆದದ್ದು 2015ರಲ್ಲಿ, ಇಬ್ಬರಿಗೂ ವಯಸ್ಸಾದ ಮೇಲೆ. ದುಡ್ಡು ಮಾತ್ರ ಸುರಿಯಿತು. ಪಂದ್ಯ ಸಪ್ಪೆ.

ಅಂಕದ ಗೋಳು ಇನ್ನೊಂದು. 1988ರ ಸೋಲ್ ನಗರದ ಒಲಿಂಪಿಕ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಕೊರಿಯಾದ ಹುಡುಗನನ್ನು ಮೂರೂ ರೌಂಡ್ ಚಚ್ಚಿದ, ಜಡ್ಜ್‌ಗಳು 3–2ರಲ್ಲಿ ಕೊರಿಯಾಕ್ಕೆ ಚಿನ್ನ ಕೊಟ್ಟರು. ಇಂಥವೆಲ್ಲ ಸೇರಿ ಸೇರಿ, ಆಡಳಿತದ ಜಗಳವೂ ಸೇರಿ, 2023ರಲ್ಲಿ ಒಲಿಂಪಿಕ್ ಸಮಿತಿ ಹಳೇ ಬಾಕ್ಸಿಂಗ್ ಸಂಸ್ಥೆಯ ಮಾನ್ಯತೆಯನ್ನೇ ಕಿತ್ತು ಹಾಕಿತು. 2028ರ ಲಾಸ್ ಏಂಜಲೀಸ್‌ನಲ್ಲಿ ಬಾಕ್ಸಿಂಗ್ ಇರುತ್ತದೋ ಇಲ್ಲವೋ ಅನ್ನುವಂತಾಗಿತ್ತು. 2025ರಲ್ಲಿ ವರ್ಲ್ಡ್ ಬಾಕ್ಸಿಂಗ್ ಅನ್ನುವ ಹೊಸ ಸಂಸ್ಥೆಗೆ ಮಾನ್ಯತೆ ಸಿಕ್ಕ ಮೇಲೆ ಜಾಗ ಉಳಿಯಿತು. ಇಷ್ಟೆಲ್ಲ ಹೊಲಸು ಇದ್ದೂ ಅಭಿಮಾನಿ ಬಿಟ್ಟು ಹೋಗುವುದಿಲ್ಲ. ಬೈಯುತ್ತಾನೆ, ಇನ್ನು ನೋಡಲ್ಲ ಅಂತಾನೆ, ಮುಂದಿನ ಪಂದ್ಯಕ್ಕೆ ಮೊದಲು ಬಂದು ಕೂರುವವನೂ ಅವನೇ.

ಪ್ರಶ್ನೆ: ಮಗಳಿಗೆ ಬಾಕ್ಸಿಂಗ್ ಕಲಿಯೋ ಆಸೆ. ಮೊಬೈಲ್‌ನಲ್ಲಿ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡಿದ್ದಾಳೆ. ಗಿಡ್ಡ, ತೆಳ್ಳಗೆ ಇದ್ದಾಳೆ, 46 ಕೆಜಿ. ಇದು ಅವಳಿಗಲ್ಲ ಅಂತ ಅವರಪ್ಪ ಅಂತಾರೆ. ಏನು ಮಾಡ್ಲಿ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅಕ್ಕಾ, ಗಿಡ್ಡ ತೆಳ್ಳಗೆ ಅನ್ನುವ ಕಾರಣಕ್ಕೆ ಬೇಡ ಅನ್ನಬೇಡಿ. ತೂಕಕ್ಕೆ ತಕ್ಕ ಜೋಡಿ ಸಿಗುವ ಆಟ ಇದು. ಮೇರಿ ಕೋಮ್ ಆರು ಸಲ ವಿಶ್ವ ಚಾಂಪಿಯನ್ ಆದದ್ದು ಇಂಥ ಸಣ್ಣ ತೂಕದಲ್ಲೇ. 2025ರಲ್ಲಿ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಮೀನಾಕ್ಷಿ ಹೂಡಾ ಚಿನ್ನ ಗೆದ್ದದ್ದು 48 ಕೆಜಿಯಲ್ಲಿ. ಅವರಪ್ಪನಿಗೆ ಇದನ್ನು ಓದಿ ಹೇಳಿ.

ಅಪಾಯ ಇಲ್ಲ ಅಂತ ಮಾತ್ರ ನಾನು ಹೇಳಲ್ಲ. ತಲೆಗೆ ಪೆಟ್ಟು ತಲೆಗೆ ಪೆಟ್ಟೇ. ಗ್ಲೌಸು ಹೆಚ್ಚಾಗಿ ಕಾಯುವುದು ಹೊಡೆಯುವವನ ಕೈಯನ್ನು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಪಂದ್ಯದ ಪೆಟ್ಟಿನಿಂದ ತೀರಿಕೊಂಡ, ಆಮೇಲೆ ದೊಡ್ಡ ಪಂದ್ಯಗಳನ್ನು 15ರಿಂದ 12 ರೌಂಡ್‌ಗೆ ಇಳಿಸಿದರು. ಅದು ವೃತ್ತಿಪರರ ಲೋಕ. ಮಕ್ಕಳದು ಮೂರೇ ರೌಂಡ್, ತಲೆಗೆ ಹೆಡ್‌ಗಾರ್ಡ್ ಇರುತ್ತದೆ. ಒಳ್ಳೆ ಕೋಚ್ ಆದರೆ ಮೊದಲ ತಿಂಗಳುಗಳಲ್ಲಿ ಯಾರ ಎದುರೂ ನಿಲ್ಲಿಸುವುದಿಲ್ಲ. ಹಗ್ಗ ಜಿಗಿತ, ಓಟ, ಹೆಜ್ಜೆ ಇಡುವುದು, ಕನ್ನಡಿ ಮುಂದೆ ಕೈ ಬೀಸುವುದು, ಕೈಗೆ ಪಟ್ಟಿ ಸುತ್ತುವುದನ್ನು ಕಲಿಯುವುದು, ಅಷ್ಟೇ. ಸೇರಿದ ಮೊದಲ ವಾರವೇ ದೊಡ್ಡ ಹುಡುಗರ ಎದುರು ನಿಲ್ಲಿಸುವ ಜಾಗ ಆದರೆ ವಾಪಸ್ ಕರೆದುಕೊಂಡು ಬನ್ನಿ. ಜಿಲ್ಲಾ ಕ್ರೀಡಾಂಗಣದಲ್ಲಿ ವಿಚಾರಿಸಿ ನೋಡಿ, ಯಾರು ಕಲಿಸುತ್ತಾರೆ ಅನ್ನುವುದು ಅಲ್ಲಿ ಗೊತ್ತಿರುತ್ತದೆ. ಇನ್ನೊಂದು ಮಾತು: ತೂಕ ಇಳಿಸಬೇಕು ಅಂತ ಬೆಳೆಯುವ ಹುಡುಗಿಗೆ ಊಟ ಬಿಡಿಸಿದರೆ ಒಪ್ಪಬೇಡಿ. ರೊಟ್ಟಿ, ತೊಗರಿ ಬೇಳೆ, ಮೊಟ್ಟೆ, ಹಾಲು ಹೊಟ್ಟೆ ತುಂಬ ಹಾಕಿ.

ಪ್ರಶ್ನೆ: ಅಮೆರಿಕದ ದೊಡ್ಡ ಪಂದ್ಯ ನೋಡೋಕೆ ರಾತ್ರಿ ಎಷ್ಟು ಗಂಟೆಗೆ ಎದ್ದು ಕೂರಬೇಕು?
– ಓದುಗರು, ಬಸವಕಲ್ಯಾಣ

ಉತ್ತರ: ರಾತ್ರಿ ಏಳುವುದೇ ಬೇಡ. ಲಾಸ್ ವೇಗಾಸ್‌ನಲ್ಲಿ ಶನಿವಾರ ರಾತ್ರಿ ಆದಾಗ ನಮಗೆ ಭಾನುವಾರ ಬೆಳಿಗ್ಗೆ. ಮುಖ್ಯ ಪಂದ್ಯ ಸಾಮಾನ್ಯವಾಗಿ ಎಂಟೂವರೆಯಿಂದ ಹತ್ತರ ಒಳಗೆ ಶುರುವಾಗುತ್ತದೆ. ಸುಸಲಾ ತಿನ್ನುತ್ತಾ ನೋಡಬಹುದು. ಲಂಡನ್ ಪಂದ್ಯ ಇದ್ದರೆ ಮಾತ್ರ ಶನಿವಾರ ನಿದ್ದೆಗೆಡಬೇಕು, ಅಲ್ಲಿನ ರಾತ್ರಿ ಹತ್ತು ಅಂದರೆ ನಮ್ಮ ಬೆಳಗಿನ ಜಾವ ಮೂರರ ಆಸುಪಾಸು. ಸೌದಿಯ ರಿಯಾದ್ ಪಂದ್ಯಗಳದೂ ಹೆಚ್ಚುಕಡಿಮೆ ಅದೇ ಕಥೆ. ಮೊದಲ ಪಂದ್ಯಗಳು ನಾಕೌಟ್ ಆಗಿ ಬೇಗ ಮುಗಿದರೆ ಮುಖ್ಯ ಪಂದ್ಯವೂ ಸ್ವಲ್ಪ ಮುಂಚೆ ಬರಬಹುದು, ಅರ್ಧ ಗಂಟೆ ಮೊದಲೇ ಟಿವಿ ಹಾಕಿ.